ಶ್ರೀರಾಂಪುರದ ರೋಡ್‌ಕಿಂಗ್: ಕಂಪನಿ ಹೋಯ್ತು, ಗಾಡಿ ಉಳೀತು

  

ಕ್ಲಾಸಿಕ್ ಸ್ಪೋರ್ಟ್ಸ್ ಕಾರುಗಳ ರೀಲ್ಸ್ ನೀವೂ ನೋಡಿರ್ತೀರಿ. ಯಾವುದೋ ದೇಶದ ಅಜ್ಜ, ಮನೆ ಪಕ್ಕದಲ್ಲೊಂದು ಗ್ಯಾರೇಜು, ಒಳಗೆ ನಲವತ್ತು ವರ್ಷದಿಂದ ಅವನೇ ಇಟ್ಕೊಂಡಿರೋ ಕೆಂಪು ಕಾರು. ಬಾನೆಟ್ ಎತ್ತಿ ತೋರಿಸ್ತಾನೆ, ಸ್ಟಾರ್ಟ್ ಮಾಡ್ತಾನೆ, ಕಣ್ಣಲ್ಲಿ ನೀರು ತುಂಬ್ಕೋತಾನೆ. ಚೆನ್ನಾಗಿರತ್ತೆ, ನಾನೂ ನೋಡ್ತೀನಿ. ಆದ್ರೆ ನಮ್ಮ ಶ್ರೀರಾಂಪುರದಲ್ಲಿ ಅಂಥ ಕಾರು ಯಾರ ಹತ್ರ ಇತ್ತು? 60, 70ರ ದಶಕದಲ್ಲಿ ಮೈಸೂರಲ್ಲಿ ವಿಲಾಯ್ತಿ ಕಾರು ಅಂದ್ರೆ ಅರಮನೆ, ಕೊಡಗಿನ ಕಾಫಿ ತೋಟದವರು, ಇನ್ನು ನಾಕಾರು ದೊಡ್ಡ ಮನೆಗಳು. ಮಿಕ್ಕೋರಿಗೆ ಸೈಕಲ್ಲು. ಸ್ವಲ್ಪ ಕೈಯಾಡಿದ್ರೆ, ವೇಗದ ಹುಚ್ಚೂ ಇದ್ರೆ, ಜಾವಾ. ಆಮೇಲೆ ಯೆಜ್ಡಿ.

ಹಾಗಾಗಿ ಈ ಸಂಚಿಕೆ ಎರಡು ಚಕ್ರದ್ದು. ನಮ್ಮೂರಿಗೆ ಸ್ಪೋರ್ಟ್ಸ್ ಕಾರ್ ಅಂದ್ರೆ ಅದೇ ಆಗಿತ್ತು ಅಂತ ನನ್ನ ವಾದ. ಒಪ್ಪದೇ ಇರೋರು ವಾಯ್ಸ್ ನೋಟ್ ಕಳಿಸಿ, ಜಗಳ ಆಡೋಣ.

ಮೊದ್ಲು ಒಂದು ಲೆಕ್ಕ. ಬಿಕಾಂ ಓದಿರೋ ಪಾಪಕ್ಕೆ ನನಗೆ ಎಲ್ಲದರಲ್ಲೂ ಲೆಕ್ಕ ಕಾಣತ್ತೆ, ಸಹಿಸ್ಕೊಳ್ಳಿ. ಅಕೌಂಟ್ಸ್‌ನಲ್ಲಿ ಸವಕಳಿ ಅಂತ ಒಂದು ಪಾಠ ಇದೆ, ಅದೇ ಡಿಪ್ರಿಸಿಯೇಷನ್. ಒಂದು ಗಾಡಿ ತಗೊಂಡ್ರೆ ವರ್ಷಾವರ್ಷ ಅದರ ಬೆಲೆ ಇಳಿಸಿ ಬರೀಬೇಕು. ಉಳಿದ ಬೆಲೆಯ ಮೇಲೆ 15% ಕಳೀತಾ ಹೋಗೋದು ಒಂದು ಪದ್ಧತಿ. ಹತ್ತು ಸಾವಿರ ರೂಪಾಯಿಯ ಗಾಡಿ ಅಂತಿಟ್ಕೊಳ್ಳಿ. ಮೊದಲ ವರ್ಷದ ಕೊನೆಗೆ 8,500. ಎರಡನೇ ವರ್ಷಕ್ಕೆ 7,225. ಹೀಗೇ ನಲವತ್ತು ವರ್ಷ ಹೋಗಿ. ಕೊನೆಗೆ ಪುಸ್ತಕದಲ್ಲಿ ಉಳಿಯೋದು ಎಷ್ಟು ಗೊತ್ತಾ? 15 ರೂಪಾಯಿ. ಒಂದು ಕಾಫಿಗೂ ಸಾಲಲ್ಲ.

ಈ ಪದ್ಧತೀಲಿ ಒಂದು ತಮಾಷೆ ಇದೆ. ಉಳಿದದ್ದರ ಮೇಲೇ ಕಳೀತಾ ಹೋಗೋದ್ರಿಂದ ಬೆಲೆ ಯಾವತ್ತೂ ಪೂರ್ತಿ ಸೊನ್ನೆ ಆಗಲ್ಲ. ನಮ್ಮ ಮೇಷ್ಟ್ರು ಇದನ್ನ ಒಂದೇ ಮಾತಲ್ಲಿ ಹೇಳಿ ಮುಂದಕ್ಕೆ ಹೋದ್ರು. ನನಗೆ ಅದರ ಅರ್ಥ ಆಗಿದ್ದು ದೊಡ್ಡಪ್ಪನ ಯೆಜ್ಡಿ ನೋಡಿದ ಮೇಲೆ.

ದೊಡ್ಡಪ್ಪನ ವಿಷಯಕ್ಕೆ ಬರ್ತೀನಿ. ಅದಕ್ಕೆ ಮುಂಚೆ ಗಾಡಿ ಎಲ್ಲಿಂದ ಬಂತು ಅನ್ನೋದು.

ಫ್ರಾಂಟಿಶೆಕ್ ಯಾನೆಚೆಕ್ ಅಂತ ಒಬ್ಬ, ಪ್ರಾಗ್ ಊರಿನೋನು, ಆಯುಧ ತಯಾರಿಸ್ತಿದ್ದ. ಮೊದಲ ಮಹಾಯುದ್ಧ ಮುಗಿದು ಎಷ್ಟೋ ವರ್ಷ ಆಗಿತ್ತು, ಬಂದೂಕಿಗೆ ಗಿರಾಕಿ ಕಮ್ಮಿ. ವಾಂಡರರ್ ಅನ್ನೋ ಜರ್ಮನ್ ಕಂಪನಿ ತನ್ನ ಮೋಟರ್‌ಸೈಕಲ್ ವ್ಯವಹಾರ ಕೈಬಿಡ್ತಿತ್ತು. ಇವನು ಅದರ ಹಕ್ಕು ಕೊಂಡ್ಕೊಂಡ. 1929ರಲ್ಲಿ ಹೊಸ ಹೆಸರಿಟ್ಟ: ಯಾನೆಚೆಕ್‌ನ 'ಜಾ', ವಾಂಡರರ್‌ನ 'ವಾ'. ಜಾವಾ. ಇದನ್ನ ನೆನಪಲ್ಲಿಡಿ, ಮುಂದೆ ಬೇಕಾಗತ್ತೆ. ಆ ಹೆಸರಲ್ಲಿ ಅರ್ಧ ಮೊದಲಿನಿಂದಲೂ ಬೇರೆಯವರದ್ದೇ.

ಎರಡನೇ ಮಹಾಯುದ್ಧ ಆದ್ಮೇಲೆ ಚೆಕೊಸ್ಲೊವಾಕಿಯಾದಲ್ಲಿ ಕಂಪನಿ ಸರ್ಕಾರದ್ದಾಯ್ತು. ಗಾಡಿಗಳು ಲೋಕವೆಲ್ಲ ಸುತ್ತಿದ್ವು. ಬಾಂಬೆಯಲ್ಲಿ ಐಡಿಯಲ್ ಮೋಟರ್ಸ್ ಅನ್ನೋ ಸಂಸ್ಥೆ 50ರ ದಶಕದಲ್ಲಿ ಜಾವಾ ತರಿಸಿ ಮಾರ್ತಿತ್ತು. ನಡೆಸ್ತಿದ್ದೋರು ರುಸ್ತುಂ ಇರಾನಿ ಮತ್ತು ಫರೂಖ್ ಇರಾನಿ. ಆ ಹೊತ್ತಿಗೆ ದೆಹಲಿ ಸರ್ಕಾರ ಹೊರಗಿಂದ ತರಿಸೋದಕ್ಕೆ ಒಂದೊಂದೇ ಬೀಗ ಹಾಕ್ತಾ ಬಂತು. ಮಾರಬೇಕಾ, ಇಲ್ಲೇ ಮಾಡಿ ಅಂತ. ಮದ್ರಾಸಲ್ಲಿ ಎನ್‌ಫೀಲ್ಡ್ ಹುಟ್ಟಿದ್ದೂ ಆ ಕಾಲದಲ್ಲೇ. ಇರಾನಿಗಳು ಕಾರ್ಖಾನೆಗೆ ಜಾಗ ಹುಡುಕ್ತಾ ಮೈಸೂರಿಗೆ ಬಂದ್ರು.

ಯಾಕೆ ಮೈಸೂರು? ಕಡೇ ಮಹಾರಾಜರಾಗಿದ್ದ ಜಯಚಾಮರಾಜೇಂದ್ರ ಒಡೆಯರ್ ಆಗ ಮೈಸೂರು ರಾಜ್ಯದ ರಾಜ್ಯಪಾಲರು. ಅವರ ಬೆಂಬಲ ಇತ್ತು, ಕಾರ್ಖಾನೆ ಉದ್ಘಾಟನೆ ಮಾಡಿದ್ದೂ ಅವರೇ. ಅದರ ಜೊತೆಗೆ ಯಾರೂ ಹೇಳದ ಇನ್ನೊಂದು ಕಾರಣ ಇದೆ ಅಂತ ನನಗನ್ಸತ್ತೆ. ಈ ಊರಲ್ಲಿ ಕಬ್ಬಿಣ ಕೆಲಸ ಗೊತ್ತಿರೋ ಕೈಗಳು ಮೊದಲೇ ಇದ್ವು. ನಮ್ಮ ಕಡೆ ಬನ್ನಿ, ಮಾನಂದವಾಡಿ ರಸ್ತೆಯಲ್ಲಿ ರೈಲ್ವೆ ವರ್ಕ್‌ಶಾಪ್ ಇದೆ. ಸಂಸ್ಥಾನದ ರೈಲ್ವೆ ಕಾಲದಿಂದ ಇರೋದು. ಲೇತ್ ಮುಂದೆ ನಿಂತು ಅಳತೆ ನೋಡಿ ಕೆತ್ತೋದು ಈ ಊರಿನ ಎಷ್ಟೋ ಮನೆಗಳಿಗೆ ಹೊಸದಲ್ಲ. ಮೈಸೂರು ಅಂದ್ರೆ ಮಲ್ಲಿಗೆ, ಪಾಕ್, ಸಿಲ್ಕು ಅಂತ ಟೂರಿಸ್ಟ್ ಬೋರ್ಡುಗಳು ಹೇಳ್ತವೆ. ಗ್ರೀಸ್ ಅಂತ ಯಾರೂ ಹೇಳಲ್ಲ.

1960ರಲ್ಲಿ ಐಡಿಯಲ್ ಜಾವಾ (ಇಂಡಿಯಾ) ಕಂಪನಿ ಶುರು, ಕಾರ್ಖಾನೆ ಯಾದವಗಿರಿಯಲ್ಲಿ. ಮೊದಮೊದಲು ಚೆಕ್ ದೇಶದಿಂದ ಬಂದ ಭಾಗಗಳನ್ನ ಜೋಡಿಸೋದು. ಬರ್ತಾ ಬರ್ತಾ ಒಂದೊಂದೇ ಭಾಗ ಇಲ್ಲೇ. ಜಾವಾ 250, ಎರಡು ಸೈಲೆನ್ಸರ್, ಟೂ ಸ್ಟ್ರೋಕ್ ಇಂಜಿನ್, ಸುಮಾರು 12 ಅಶ್ವಶಕ್ತಿ. ಒಂದೇ ಲಿವರು, ಅದೇ ಗೇರು, ಅದೇ ಕಿಕ್ಕರು. ಒಳಗೆ ಒತ್ತಿ ಮೇಲಕ್ಕೆ ತಿರುಗಿಸಿದ್ರೆ ಕಿಕ್ಕರ್ ಆಗತ್ತೆ, ಸ್ಟಾರ್ಟ್ ಆದ್ಮೇಲೆ ಮುಂದಕ್ಕೆ ಬಗ್ಗಿಸಿದ್ರೆ ಗೇರ್ ಲಿವರ್. ಆ ಲಿವರನ್ನ ಕಾಲಲ್ಲಿ ಒತ್ತಿದ್ರೆ ಕ್ಲಚ್ ತಾನಾಗೇ ಬಿಡ್ಕೊಳ್ಳತ್ತೆ, ಕೈ ಕ್ಲಚ್ ಹಿಡೀದೇನೂ ಗೇರ್ ಬದಲಾಯಿಸಬಹುದು. ಇವತ್ತಿನ ಗಾಡಿ ಓಡಿಸಿ ಅಭ್ಯಾಸ ಇರೋರಿಗೆ ಇದನ್ನ ಕೊಟ್ಟು ನೋಡಿ. ಐದು ನಿಮಿಷ ಗಾಡಿ ಸುತ್ತ ಪ್ರದಕ್ಷಿಣೆ ಹಾಕ್ತಾರೆ, ಕಿಕ್ಕರ್ ಎಲ್ಲಿ ಅಂತ.

1973ರಿಂದ ಹೆಸರು ಯೆಜ್ಡಿ. ಇರಾನಿನ ಯಾಜ್ದ್ ಪಟ್ಟಣದ ನೆನಪು ಅದರಲ್ಲಿದೆ, ಜರತುಷ್ಟ್ರ ಧರ್ಮದವರ ಹಳೇ ನೆಲೆ. ಇರಾನಿ ಮನೆತನಗಳ ಮೂಲ ಅತ್ತ ಕಡೆಯದ್ದು. ಅಂದ್ರೆ ನೋಡಿ, ಜರ್ಮನ್ ಹಕ್ಕು, ಚೆಕ್ ಇಂಜಿನ್ನು, ಪಾರಸಿ ಹೆಸರು, ಯಾದವಗಿರಿಯ ಕೈ. 1978ರಲ್ಲಿ ರೋಡ್‌ಕಿಂಗ್ ಬಂತು. 16 ಅಶ್ವಶಕ್ತಿ. ಈಗಿನ ಕಣ್ಣಿಗೆ ಏನೂ ಅಲ್ಲ. ಆದ್ರೆ ಆ ಕಾಲದ ರಸ್ತೆಯಲ್ಲಿ, ಲ್ಯಾಂಬ್ರೆಟ್ಟಾ, ಬಜಾಜ್ ಸ್ಕೂಟರುಗಳ ನಡುವೆ, ಅದನ್ನ ಸ್ಪೋರ್ಟ್ಸ್ ಗಾಡಿ ಅಂತ ಬಿಡಿಸಿ ಹೇಳಬೇಕಾಗಿರಲಿಲ್ಲ. ಮದ್ರಾಸಿನ ಹತ್ರ ಶೋಲಾವರಂನ ಹಳೇ ವಿಮಾನ ಪಟ್ಟಿ ಮೇಲೆ ರೇಸ್ ನಡೀತಿದ್ದ ಕಾಲ ಅದು. ಅಲ್ಲಿ ಯೆಜ್ಡಿಗಳೂ ಇರ್ತಿದ್ವು.

(ಹಿನ್ನೆಲೆಯಲ್ಲಿ ಗಾಡಿ ಸ್ಟಾರ್ಟ್ ಆಗುವ ಶಬ್ದ)

ಇದೇ ದೊಡ್ಡಪ್ಪನ ಗಾಡಿ. 1986ರ ರೋಡ್‌ಕಿಂಗ್. ಶ್ರೀರಾಂಪುರ ಎರಡನೇ ಹಂತದಲ್ಲಿ ಅವರ ಮನೆ, ಸಂಪಿಗೆ ಮರದ ಕೆಳಗೆ ಶೀಟ್ ಹಾಕಿರೋ ಒಂದು ಪುಟ್ಟ ಷೆಡ್ಡು. ಅವರು ಕೆಇಬಿಯಲ್ಲಿ ಗುಮಾಸ್ತರಾಗಿದ್ರು. ಮದುವೆಯಾದ ವರ್ಷ ತಗೊಂಡದ್ದು. ನಮ್ಮ ದೊಡ್ಡಮ್ಮ ಈ ಗಾಡಿ ಹಿಂದೆ ಒಂದು ಕಡೆ ಕಾಲು ಹಾಕಿ ಕೂತು ನಂಜನಗೂಡಿಗೆ ಹೋಗಿದ್ದು ಎಷ್ಟು ಸಲ ಅಂತ ಅವರಿಗೇ ಲೆಕ್ಕ ಇಲ್ಲ.

1986ರಲ್ಲಿ ಯೆಜ್ಡಿ ತಗೊಳ್ಳೋದು ಜಾಣತನದ ಕೆಲಸ ಆಗಿರಲಿಲ್ಲ. ಅದು ಮುಖ್ಯ. 1984ರಲ್ಲಿ ಇಂಡ್-ಸುಜುಕಿ ಬಂದಿತ್ತು. 1985ರಲ್ಲಿ ಯಮಹಾ ಆರ್‌ಎಕ್ಸ್ 100, ಅದೇ ವರ್ಷ ಹೀರೋ ಹೊಂಡಾ ಸಿಡಿ 100. ಪೆಟ್ರೋಲ್ ಹಾಕಿಸಿ ಮುಚ್ಚಿ ಮರೆತುಬಿಡಿ ಅನ್ನೋ ಅರ್ಥದ ಜಾಹೀರಾತು ದೇಶವೆಲ್ಲ ಕೇಳಿಸ್ತಿತ್ತು, ಲೀಟರಿಗೆ 80 ಕಿಲೋಮೀಟರ್ ಅಂತ ಮಾತು. ದೊಡ್ಡಪ್ಪನ ಗಾಡಿ ಮೂವತ್ತು ದಾಟಿದ್ದು ಅಪರೂಪ. ಮೇಲಿಂದ ಪೆಟ್ರೋಲಿಗೆ ಆಯಿಲ್ ಬೆರೆಸಬೇಕು. ಹೊಗೆ ಬೇರೆ. ಯಾಕೆ ದೊಡ್ಡಪ್ಪ ಆಗ ಹೊಂಡಾ ತಗೊಳ್ಲಿಲ್ಲ ಅಂತ ಕೇಳ್ದೆ. "ಕೆಟ್ರೆ ಯಾರ ಮನೆ ಬಾಗಿಲು ತಟ್ಟೋದು? ಇದನ್ನ ಮಾಡಿದೋನು ನಮ್ಮ ಬೀದೀಲೇ ಇದ್ದ ಕಣೋ" ಅಂದ್ರು.

ಈ ಒಂದು ಮಾತಿಂದಲೇ ನಾನು ಈ ಸಂಚಿಕೆ ಮಾಡೋಕೆ ಹೊರಟಿದ್ದು. ಹಳೇ ಗಾಡಿ ಇಟ್ಕೊಳ್ಳೋದು ಅಂದ್ರೆ ಒಬ್ಬ ಮನುಷ್ಯನ ಹಟ, ಪ್ರೀತಿ, ಅಂತೆಲ್ಲ ನಾವು ಅಂದ್ಕೋತೀವಿ. ರೀಲ್ಸಿನ ಅಜ್ಜ ಒಬ್ಬನೇ ಇರ್ತಾನೆ ಗ್ಯಾರೇಜಲ್ಲಿ. ಮೈಸೂರಲ್ಲಿ ಹಾಗಲ್ಲ. ಇಲ್ಲಿ ಗಾಡಿ ಉಳಿದದ್ದು ಒಂದು ಕಾರ್ಖಾನೆ ಮುಚ್ಚಿದ್ದರಿಂದ. ವಿಚಿತ್ರ ಅನ್ಸಬಹುದು, ಹೇಳ್ತೀನಿ ಕೇಳಿ.

1996ರಲ್ಲಿ ಯಾದವಗಿರಿಯ ಕಾರ್ಖಾನೆ ನಿಂತುಹೋಯ್ತು. ಜಪಾನಿ ಇಂಜಿನ್ನುಗಳ ಪೈಪೋಟಿ ಇತ್ತು. 1991ರಲ್ಲಿ ಶುರುವಾಗಿ 1996ರಲ್ಲಿ ಬಿಗಿಯಾದ ಹೊಗೆ ನಿಯಮಗಳಿದ್ವು, ಹಳೇ ಟೂ ಸ್ಟ್ರೋಕ್ ಇಂಜಿನ್ನಿಗೆ ಅವು ಉರುಳು. ಸಾಲ, ಕಾರ್ಮಿಕರ ಜೊತೆ ತಿಕ್ಕಾಟ. ಹೊಸ ಇಂಜಿನ್ನಿಗೆ ದುಡ್ಡು ಹಾಕೋ ಕಾಲ ಮೀರಿತ್ತು. 2001ರಲ್ಲಿ ಕರ್ನಾಟಕ ಹೈಕೋರ್ಟ್ ಕಂಪನಿಯನ್ನ ಮುಚ್ಚೋಕೆ, ಅಂದ್ರೆ ವೈಂಡಿಂಗ್ ಅಪ್‌ಗೆ, ಆದೇಶ ಕೊಡ್ತು. ಆಸ್ತಿಪಾಸ್ತಿ ಎಲ್ಲ ಅಫೀಶಿಯಲ್ ಲಿಕ್ವಿಡೇಟರ್ ಸುಪರ್ದಿಗೆ.

ಕಾಕತಾಳೀಯ ನೋಡಿ. ಖಾಸಗಿ ಗಾಡಿಯ ಆರ್‌ಸಿಗೆ ಮೊದಲ ಸಲ 15 ವರ್ಷದ ಆಯುಸ್ಸು, ಆಮೇಲೆ ಐದೈದು ವರ್ಷಕ್ಕೆ ನವೀಕರಣ. 1986ರ ಗಾಡಿಗೆ 15 ವರ್ಷ ತುಂಬಿದ್ದು 2001ರಲ್ಲಿ. ಕಂಪನಿಗೆ ಕೋರ್ಟ್ ಸಾವು ಬರೆದ ವರ್ಷವೇ ದೊಡ್ಡಪ್ಪ ಆರ್‌ಟಿಓಗೆ ಹೋಗಿ ಗಾಡಿಯ ಆಯುಸ್ಸು ಬರೆಸ್ಕೊಂಡು ಬಂದ್ರು.

ಕಾರ್ಖಾನೆ ಮುಚ್ಚಿದಾಗ ಒಳಗಿದ್ದ ಕೈಗಳು ಬೀದಿಗೆ ಬಂದ್ವು. ಅಕ್ಷರಶಃ. ಸಂಬಳ ಬಾಕಿ, ಗ್ರಾಚ್ಯುಟಿ ಬಾಕಿ, ಮಕ್ಕಳ ಫೀಸು. ಕೆಲವರು ಆಟೋ ಓಡಿಸಿದ್ರು, ಕೆಲವರು ಸೆಕ್ಯುರಿಟಿ ಕೆಲಸಕ್ಕೆ ಹೋದ್ರು. ಇನ್ನು ಕೆಲವರು ಗೊತ್ತಿದ್ದ ಕೆಲಸವನ್ನೇ ಮನೆ ಮುಂದೆ ಇಟ್ಕೊಂಡ್ರು. ದೊಡ್ಡಪ್ಪ ಹೇಳಿದ "ನಮ್ಮ ಬೀದಿಯೋನು" ಅಂಥವರಲ್ಲೊಬ್ಬರು. ಹೆಸರು ಬೇಡ ಅಂದಿದ್ದಾರೆ, ಹೇಳಲ್ಲ. ಕಾರ್ಖಾನೆಯಲ್ಲಿ ಕ್ರ್ಯಾಂಕ್ ಜೋಡಿಸೋ ವಿಭಾಗದಲ್ಲಿದ್ರು. ಈಗ ಎಪ್ಪತ್ತು ದಾಟಿದೆ, ಎಡಗಣ್ಣಿಗೆ ಪೊರೆ ಆಪರೇಷನ್ ಆಗಿದೆ. ನಾನು ಅವರನ್ನ ಅಂಕಲ್ ಅಂತಲೇ ಕರೆಯೋದು.

ಅವರು ಮಾಡೋ ಕೆಲಸ ಏನು ಅಂತ ಸ್ವಲ್ಪ ನಿಧಾನವಾಗಿ ಹೇಳ್ತೀನಿ. ಟೂ ಸ್ಟ್ರೋಕ್ ಇಂಜಿನ್ನಲ್ಲಿ ವಾಲ್ವ್ ಇಲ್ಲ, ಕ್ಯಾಮ್ ಇಲ್ಲ. ಪಿಸ್ಟನ್ನು, ಕನೆಕ್ಟಿಂಗ್ ರಾಡು, ಕ್ರ್ಯಾಂಕು, ಇಷ್ಟೇ ಮುಖ್ಯವಾಗಿ ಓಡಾಡೋದು. ಕೇಳೋಕೆ ಸುಲಭ. ಆದ್ರೆ ಈ ಕ್ರ್ಯಾಂಕ್ ಒಂದೇ ತುಂಡಲ್ಲ. ಎರಡು ದಪ್ಪ ಬಿಲ್ಲೆ, ನಡುವೆ ಒಂದು ಪಿನ್ನು. ಪಿನ್ನನ್ನ ಪ್ರೆಸ್ಸಲ್ಲಿಟ್ಟು ಒತ್ತಿ ಕೂರಿಸಿರ್ತಾರೆ, ಬೋಲ್ಟೂ ಇಲ್ಲ, ವೆಲ್ಡಿಂಗೂ ಇಲ್ಲ. ಬರೀ ಬಿಗಿ. ಬೇರಿಂಗ್ ಸವೆದ್ರೆ ಇದನ್ನ ಒತ್ತಿ ಬಿಡಿಸಿ, ಹೊಸದು ಹಾಕಿ, ಮತ್ತೆ ಒತ್ತಿ ಕೂರಿಸಬೇಕು. ಕೂರಿಸಿದಾಗ ಎರಡು ಬಿಲ್ಲೆಗಳು ಒಂದೇ ನೇರಕ್ಕೆ ಬಂದಿರಲ್ಲ, ಕೂದಲೆಳೆಯಷ್ಟು ಸೊಟ್ಟ ಇರತ್ತೆ. ಅಷ್ಟು ಸೊಟ್ಟ ಸಾಕು, ಗಾಡಿ ನಡುಗತ್ತೆ, ಆರು ತಿಂಗಳಲ್ಲಿ ಬೇರಿಂಗ್ ಹೋಗತ್ತೆ.

ಹಾಗಾಗಿ ಅಂಕಲ್ ಅದನ್ನ ಎರಡು ಮೊನೆಗಳ ನಡುವೆ ಕೂರಿಸಿ ಕೈಯಲ್ಲಿ ತಿರುಗಿಸ್ತಾರೆ. ಮೇಲೊಂದು ಡಯಲ್ ಗೇಜು, ಗಡಿಯಾರದ ಥರ. ಮುಳ್ಳು ಅಲ್ಲಾಡತ್ತೆ. ಎಲ್ಲಿ ಜಾಸ್ತಿ ಅಲ್ಲಾಡ್ತೋ ಅಲ್ಲೊಂದು ಸೀಮೆಸುಣ್ಣದ ಗೆರೆ. ಆಮೇಲೆ ತಾಮ್ರದ ಸುತ್ತಿಗೆ ತಗೊಂಡು ಒಂದೇ ಏಟು. ಮತ್ತೆ ತಿರುಗಿಸೋದು, ಮತ್ತೆ ನೋಡೋದು. ಎಷ್ಟು ಜೋರಾಗಿ ಹೊಡೀಬೇಕು, ಎಲ್ಲಿ ಹೊಡೀಬೇಕು, ಇದು ಯಾವ ಮ್ಯಾನ್ಯುಯಲ್ಲಲ್ಲೂ ಸರಿಯಾಗಿ ಬರೆಯೋಕಾಗಲ್ಲ. ಮಿಲಿಮೀಟರಿನ ನೂರನೇ ಭಾಗಗಳ ಲೆಕ್ಕ, ಸುತ್ತಿಗೆಯಲ್ಲಿ. ನಾನು ಕೂತು ನೋಡಿದ ದಿನ ಹದಿನೇಳು ಏಟಾಯ್ತು. ಹದಿನೆಂಟನೆಯದಕ್ಕೆ ಕೈ ಎತ್ತಿದೋರು ಹಾಗೇ ಇಳಿಸಿಬಿಟ್ರು. "ಸಾಕು" ಅಂದ್ರು. ಯಾಕೆ ಸಾಕು, ಮುಳ್ಳು ಇನ್ನೂ ಸ್ವಲ್ಪ ಅಲ್ಲಾಡ್ತಿದೆಯಲ್ಲ ಅಂದ್ರೆ, ಇಂಜಿನ್ ಬಿಸಿ ಆದ್ಮೇಲೆ ಅದು ಅಲ್ಲೇ ಕೂರತ್ತೆ ಅಂತ ಉತ್ತರ.

ಪಾಯಿಂಟ್ ಗ್ಯಾಪ್ ವಿಷಯಾನೂ ಹಾಗೇ. ಕಿಡಿ ಸರಿಯಾದ ಹೊತ್ತಿಗೆ ಹಾರಬೇಕು ಅಂದ್ರೆ ಪಾಯಿಂಟುಗಳ ನಡುವೆ ಸುಮಾರು 0.4 ಮಿಲಿಮೀಟರ್ ಸಂದು ಇರಬೇಕು. ಅದಕ್ಕೆ ಗೇಜ್ ಸಿಗತ್ತೆ. ದೊಡ್ಡಪ್ಪ ಮದುವೆ ಇನ್ವಿಟೇಷನ್ ಕಾರ್ಡ್ ಕತ್ತರಿಸಿ ಇಟ್ಕೊಂಡಿದ್ದಾರೆ. ಅದೂ ಎಲ್ಲ ಕಾರ್ಡೂ ಆಗಲ್ವಂತೆ. ಈಗಿನವು ದಪ್ಪ.

ಈಗ ಅರ್ಥ ಆಯ್ತಾ ನಾನು ಹೇಳಿದ್ದು? ಕಾರ್ಖಾನೆ ನಡೀತಿದ್ದಾಗ ಈ ಕೈ ಗೇಟಿನ ಒಳಗಿತ್ತು, ಹೊಸ ಗಾಡಿ ಮಾಡ್ತಿತ್ತು. ಮುಚ್ಚಿದ ಮೇಲೆ ಅದೇ ಕೈ ಬೀದಿಬೀದಿಗೆ ಹಂಚಿಹೋಯ್ತು, ಹಳೇ ಗಾಡಿ ಉಳಿಸ್ತು. ಕಾರ್ಖಾನೆ ಮುಚ್ಚಿದ್ದು ಒಳ್ಳೇದಾಯ್ತು ಅಂತ ನಾನು ಹೇಳ್ತಿಲ್ಲ, ದಯವಿಟ್ಟು ಹಾಗೆ ಕ್ಲಿಪ್ ಮಾಡಿ ಹಾಕ್ಬೇಡಿ. ಗಾಡಿ ಪ್ರೇಮಿಗಳು ಯೆಜ್ಡಿ ಎಷ್ಟು ಗಟ್ಟಿ, ನೋಡಿ ಇನ್ನೂ ಓಡ್ತಿದೆ ಅಂತ ಹೆಮ್ಮೆ ಪಡ್ತಾರಲ್ಲ, ಆ ಗಟ್ಟಿತನದ ಒಂದು ಭಾಗ ಕೆಲಸ ಕಳ್ಕೊಂಡವರ ಹೊಟ್ಟೆಪಾಡು. ಅವರು ನೂರೋ ಇನ್ನೂರೋ ತಗೊಂಡು ಮಾಡಿಕೊಟ್ಟ ಕೆಲಸ. ಪುಸ್ತಕದ ಬೆಲೆ ಸೊನ್ನೆ ಆಗದೇ ಇದ್ದದ್ದು ಅದರಿಂದ.

ಇಲ್ಲಿ ಇನ್ನೊಂದು ಲೆಕ್ಕ ಬರತ್ತೆ, ಕಾಮರ್ಸಿನೋರು ಕಿವಿ ಕೊಡಿ. ಕಂಪನಿ ಮುಳುಗಿದಾಗ ಉಳಿದ ಆಸ್ತಿ ಮಾರಿ ಬಂದ ದುಡ್ಡು ಯಾರಿಗೆ ಮೊದಲು? 1956ರ ಕಂಪನಿ ಕಾಯ್ದೆಗೆ 1985ರಲ್ಲಿ 529ಎ ಅಂತ ಒಂದು ಸೆಕ್ಷನ್ ಸೇರಿಸಿದ್ರು. ಕಾರ್ಮಿಕರ ಬಾಕಿಯೂ, ಅಡಮಾನ ಇಟ್ಕೊಂಡ ಬ್ಯಾಂಕಿನ ಸಾಲವೂ ಸರಿಸಮ ಅಂತ. ಅದಕ್ಕೆ ಮುಂಚೆ ಬ್ಯಾಂಕ್ ತಗೊಂಡು ಮಿಕ್ಕಿದ್ರೆ ಕಾರ್ಮಿಕರಿಗೆ. ನನ್ನ ಪ್ರಕಾರ ನಮ್ಮ ದೇಶದ ಕಂಪನಿ ಕಾನೂನಲ್ಲಿ ಬಂದ ಅತಿ ನ್ಯಾಯವಾದ ತಿದ್ದುಪಡಿಗಳಲ್ಲಿ ಅದೂ ಒಂದು. ಸಿಲಬಸ್ಸಲ್ಲಿ ಎರಡು ಸಾಲು ಇತ್ತು, ಪರೀಕ್ಷೆಗೆ ಬರಲಿಲ್ಲ.

ಹಾಗಾದ್ರೆ ಕಂಪನಿಯ ಆಸ್ತಿ ಅಂದ್ರೆ ಏನೇನು? ಜಮೀನು, ಷೆಡ್ಡು, ಮಷೀನು. ಮತ್ತೆ, ಹೆಸರು. ಯೆಜ್ಡಿ ಅನ್ನೋ ಹೆಸರು ಯಾರದ್ದು?

ಇದು ಕಥೆಯ ಹೊಸ ಅಧ್ಯಾಯ, ನಿಮ್ಮಲ್ಲಿ ಹೆಚ್ಚಿನವರಿಗೆ ಗೊತ್ತಿರೋದು. 2016ರಲ್ಲಿ ಮಹೀಂದ್ರಾ ಕಂಪನಿ ಕ್ಲಾಸಿಕ್ ಲೆಜೆಂಡ್ಸ್ ಅನ್ನೋ ಸಂಸ್ಥೆಯಲ್ಲಿ ದೊಡ್ಡ ಪಾಲು ತಗೊಳ್ತು. ಅದರ ಸಹಸ್ಥಾಪಕರಲ್ಲೊಬ್ಬರು ಬೊಮನ್ ಇರಾನಿ. ಸಿನಿಮಾ ನಟ ಅಲ್ಲ, ಮುಂಬೈಯ ಬಿಲ್ಡರ್, ರುಸ್ತುಂ ಇರಾನಿಯವರ ಮಗ. 2018ರ ನವೆಂಬರಲ್ಲಿ ಹೊಸ ಜಾವಾ ಬಂತು, 2022ರ ಜನವರಿಯಲ್ಲಿ ಹೊಸ ಯೆಜ್ಡಿ. ತಯಾರಾಗೋದು ಮಧ್ಯಪ್ರದೇಶದ ಪೀತಂಪುರದಲ್ಲಿ. ನಾಲ್ಕು ಸ್ಟ್ರೋಕ್, ನೀರಿನಿಂದ ತಂಪಾಗೋ ಇಂಜಿನ್. ಒಳ್ಳೇ ಗಾಡಿ, ನಾನೂ ಓಡಿಸಿದ್ದೀನಿ. ದೊಡ್ಡಪ್ಪನಿಗೆ ತೋರಿಸ್ದೆ. ಸುತ್ತಲೂ ನೋಡಿ ಕಿಕ್ಕರ್ ಎಲ್ಲಿ ಅಂದ್ರು.

2022ರ ಡಿಸೆಂಬರಲ್ಲಿ ಹೈಕೋರ್ಟಿನ ಏಕಸದಸ್ಯ ಪೀಠ ಒಂದು ತೀರ್ಪು ಕೊಡ್ತು. ಯೆಜ್ಡಿ ಹೆಸರು ಮುಚ್ಚಿಹೋದ ಐಡಿಯಲ್ ಜಾವಾದ ಆಸ್ತಿ, ಅದು ಲಿಕ್ವಿಡೇಟರ್ ಸುಪರ್ದಿಯಲ್ಲಿರೋದು, ಬೇರೆಯವರು ಬಳಸಬಾರದು ಅಂತ. ಆದ್ರೆ ಮೇಲ್ಮನವಿಗೆ ಅವಕಾಶ ಇತ್ತು, ಹೊಸ ಗಾಡಿಗಳ ಮಾರಾಟವೂ ನಿಲ್ಲಲಿಲ್ಲ. 2025ರಲ್ಲಿ ವಿಭಾಗೀಯ ಪೀಠ ಆ ತೀರ್ಪನ್ನ ತಳ್ಳಿಹಾಕಿ ಬೊಮನ್ ಇರಾನಿ ಮತ್ತು ಕ್ಲಾಸಿಕ್ ಲೆಜೆಂಡ್ಸ್ ಪರ ನಿಂತಿತು.

ಯಾರು ಸರಿ ಅಂತ ತೀರ್ಪು ಕೊಡೋಕೆ ನಾನು ವಕೀಲ ಅಲ್ಲ. ಟ್ರೇಡ್‌ಮಾರ್ಕ್ ಕಾನೂನಿನ ತರ್ಕ ನನಗೆ ಅರ್ಥ ಆಗತ್ತೆ: ಬಹಳ ವರ್ಷ ಬಳಸದೇ, ನವೀಕರಿಸದೇ ಬಿಟ್ಟ ಹೆಸರಿನ ಮೇಲೆ ಹಕ್ಕು ಉಳಿಯೋದು ಕಷ್ಟ. ಆದ್ರೆ ಒಂದು ಪ್ರಶ್ನೆ ನನ್ನನ್ನ ಬಿಡಲ್ಲ. ಕಂಪನಿ ಆ ಹೆಸರನ್ನ ಬಳಸಲಿಲ್ಲ, ನಿಜ. 1996ರಿಂದ ಬಳಸಿದ್ದು ಯಾರು? ಪ್ರತಿ ಜುಲೈ ಎರಡನೇ ಭಾನುವಾರ ಜಾವಾ ದಿನ ಅಂತ ಮೈಸೂರು, ಬೆಂಗಳೂರು, ಪುಣೆಯಲ್ಲಿ ನೂರಾರು ಗಾಡಿ ಸೇರಿಸಿ ಹೊಗೆ ಎಬ್ಬಿಸ್ತಾರಲ್ಲ, ಅವರು. ಟ್ಯಾಂಕಿನ ಮೇಲಿನ ಹೆಸರು ಮಾಸಿದಾಗ ಪೇಂಟರ್ ಹತ್ರ ಹೋಗಿ ಮತ್ತೆ ಬರೆಸ್ಕೊಂಡ ದೊಡ್ಡಪ್ಪ. ಕ್ರ್ಯಾಂಕ್ ತಿದ್ದಿದ ಅಂಕಲ್. ಮಾರುಕಟ್ಟೆಯಲ್ಲಿ ಆ ಹೆಸರಿಗೆ ಇವತ್ತು ಬೆಲೆ ಇದ್ರೆ, ಅಕೌಂಟ್ಸ್ ಭಾಷೆಯಲ್ಲಿ ಗುಡ್‌ವಿಲ್ ಅಂತೀವಲ್ಲ, ಅದನ್ನ ಇಪ್ಪತ್ತು ವರ್ಷಕ್ಕೂ ಮೇಲೆ ಸಾಕಿದೋರು ಇವರು. ಯಾವ ಪೀಠದ ಮುಂದೆಯೂ ಇದಕ್ಕೊಂದು ಕಾಲಂ ಇಲ್ಲ. ನಾನು ಇದನ್ನೆಲ್ಲ ಬಿಡಿಸಿ ಹೇಳಿದಾಗ ಅಂಕಲ್ ಕೇಳಿದ್ದು ಒಂದೇ: "ಅದ್ರಿಂದ ನಮ್ಮ ಬಾಕಿ ಏನಾದ್ರೂ ಬರತ್ತೇನಪ್ಪ?"

ಸರಿ, ಇವತ್ತಿನ ಸ್ಥಿತಿಗೆ ಬರೋಣ. ಹಳೇ ಯೆಜ್ಡಿ ಇಟ್ಕೊಳ್ಳೋಕೆ ಈಗ ಏನು ಕಷ್ಟ? ಬಿಡಿಭಾಗ ಅಂತ ಎಲ್ರೂ ಅಂದ್ಕೋತಾರೆ. ಅಷ್ಟೇನಿಲ್ಲ. ದೆಹಲಿಯ ಕರೋಲ್ ಬಾಗ್, ಬೆಂಗಳೂರಿನ ಜೆ.ಸಿ. ರೋಡು, ಆನ್‌ಲೈನು, ಎಲ್ಲ ಕಡೆ ಹೊಸದಾಗಿ ಮಾಡಿದ ಪಾರ್ಟ್ಸ್ ಸಿಗತ್ತೆ. ಗುಣಮಟ್ಟ ಹೆಚ್ಚುಕಮ್ಮಿ, ಆದ್ರೆ ಸಿಗತ್ತೆ.

ಪೆಟ್ರೋಲ್ ಒಂದು ತಲೆನೋವು. ಈಗ ಬಂಕಲ್ಲಿ ಬರೋದು ಇ20, ಅಂದ್ರೆ 20% ಎಥನಾಲ್ ಬೆರೆಸಿದ್ದು. ಎಥನಾಲ್ ಗಾಳಿಯಲ್ಲಿರೋ ತೇವ ಎಳ್ಕೊಳ್ಳತ್ತೆ. ತಿಂಗಳುಗಟ್ಟಲೆ ನಿಲ್ಸಿದ್ರೆ ಟ್ಯಾಂಕಿನ ತಳದಲ್ಲಿ ನೀರಿನಂಶ ಬೇರೆಯಾಗಿ ಕೂರಬಹುದು, ಹಳೇ ರಬ್ಬರ್ ಭಾಗಗಳಿಗೂ ಅದು ಒಗ್ಗಲ್ಲ. ದೊಡ್ಡಪ್ಪ ಮನೆ ಸೇರೋಕೆ ಇನ್ನೂ ಸ್ವಲ್ಪ ದೂರ ಇರೋವಾಗ್ಲೇ ಪೆಟ್ರೋಲ್ ನಲ್ಲಿ ಬಂದ್ ಮಾಡ್ತಾರೆ. ಕಾರ್ಬೊರೇಟರಲ್ಲಿ ಇರೋದು ಖಾಲಿಯಾಗಿ ಗಾಡಿ ಸರಿಯಾಗಿ ಗೇಟ್ ಮುಂದೆ ಆಫ್ ಆಗತ್ತೆ. ಅದನ್ನ ನೋಡೋಕೇ ಒಂದು ಸಲ ಹೋಗಬೇಕು.

ಕಾಗದಪತ್ರ ಇನ್ನೊಂದು. ಐದೈದು ವರ್ಷದ ಲೆಕ್ಕದಲ್ಲಿ 2001, 2006, 2011, 2016, 2021 ಆಗಿ ಈಗ 2026ರ ಸರದಿ. 2022ರ ಏಪ್ರಿಲ್‌ವರೆಗೆ ಎರಡು ಚಕ್ರಕ್ಕೆ ನವೀಕರಣ ಶುಲ್ಕ 300 ರೂಪಾಯಿ, ಆಮೇಲೆ 1,000. 2025ರ ಆಗಸ್ಟ್ ನಿಯಮದ ಪ್ರಕಾರ 20 ವರ್ಷ ಮೀರಿದ್ದಕ್ಕೆ 2,000. ಹಸಿರು ತೆರಿಗೆ ಬೇರೆ. ವಿಂಟೇಜ್ ಅಂತ ಮಾಡಿಸಬಹುದಲ್ಲ ಅಂತ ನೀವು ಕೇಳ್ತೀರಿ. 2021ರಲ್ಲಿ ಕೇಂದ್ರ ಅದಕ್ಕೆ ನಿಯಮ ತಂತು. 50 ವರ್ಷ ದಾಟಿರಬೇಕು, ಶುಲ್ಕ 20,000, ನಂಬರಲ್ಲಿ ವಿಎ ಅಂತ ಬರತ್ತೆ. ಆದ್ರೆ ಆಮೇಲೆ ದಿನನಿತ್ಯದ ಓಡಾಟಕ್ಕೆ ಅದನ್ನ ರಸ್ತೆಗಿಳಿಸೋ ಹಾಗಿಲ್ಲ. ಪ್ರದರ್ಶನ, ರ‍್ಯಾಲಿ, ರಿಪೇರಿ, ಪೆಟ್ರೋಲ್, ಅಷ್ಟಕ್ಕೆ ಮಾತ್ರ. ದೊಡ್ಡಪ್ಪನದು ಇನ್ನೂ 40ರ ಆಸುಪಾಸು, ಆ ಮಾತೇ ಬರಲ್ಲ. ಬಂದಿದ್ರೂ ಅವರು ಒಪ್ತಿರಲಿಲ್ಲ. ಹಾಲು ತರೋಕೆ ಹೋಗೋ ಗಾಡಿ ಅದು.

ಶ್ರೀರಂಗಪಟ್ಟಣದ ಹತ್ರ ಧರ್ಮಸ್ಥಳದವರ 'ಪಯಣ' ಕಾರ್ ಮ್ಯೂಸಿಯಂ ಇದೆ, ಹೋಗಿ ನೋಡಿ. ಎಷ್ಟು ಚೆನ್ನಾಗಿ ಇಟ್ಟಿದ್ದಾರೆ, ಎಷ್ಟು ಹೊಳಪು. ಕಾರು ಹಾಗೆ ಉಳಿಸಬಹುದು. ಕ್ರ್ಯಾಂಕ್ ಮೇಲೆ ಯಾವ ಜಾಗಕ್ಕೆ ಎಷ್ಟು ಜೋರಾಗಿ ಹೊಡೀಬೇಕು ಅನ್ನೋದನ್ನ ಗಾಜಿನ ಪೆಟ್ಟಿಗೇಲಿ ಇಡೋಕಾಗಲ್ಲ. ಕಷ್ಟ ಅಂದ್ನಲ್ಲ, ನಿಜವಾದ ಕಷ್ಟ ಅದು. 1996ರಲ್ಲಿ ಮೂವತ್ತು ವಯಸ್ಸಿದ್ದ ಕಾರ್ಮಿಕನಿಗೆ ಈಗ ಅರವತ್ತು. ನಲವತ್ತಿದ್ದವನಿಗೆ ಎಪ್ಪತ್ತು. ಅಂಕಲ್ ಹತ್ರ ಕಲಿಯೋಕೆ ಅಂತ ಇಷ್ಟು ವರ್ಷದಲ್ಲಿ ಇಬ್ಬರು ಹುಡುಗರು ಬಂದಿದ್ರಂತೆ. ಒಬ್ಬ ಈಗ ಹೆಬ್ಬಾಳದ ಕೈಗಾರಿಕಾ ಪ್ರದೇಶದಲ್ಲಿ ಸಂಬಳದ ಕೆಲಸದಲ್ಲಿದ್ದಾನೆ. ಇನ್ನೊಬ್ಬ ಡೆಲಿವರಿ ಮಾಡ್ತಾನೆ. ಅವರನ್ನ ದೂರೋಕಾಗಲ್ಲ. ತಿಂಗಳಿಗೆ ಮೂರೋ ನಾಕೋ ಕ್ರ್ಯಾಂಕ್ ಬರತ್ತೆ, ಅದರಲ್ಲಿ ಮನೆ ಬಾಡಿಗೆ ಹುಟ್ಟಲ್ಲ.

ಹೋದ ತಿಂಗಳು ಬೆಂಗಳೂರಿಂದ ಒಬ್ಬರು ಬಂದಿದ್ರು ದೊಡ್ಡಪ್ಪನ ಗಾಡಿ ಕೇಳ್ಕೊಂಡು. ಹಳೇ ಗಾಡಿ ಸಂಗ್ರಹ ಮಾಡೋರು, ಒಳ್ಳೇ ಮನುಷ್ಯರು. ಹೇಳಿದ ಬೆಲೆಯೂ ಒಳ್ಳೇದು, ನನ್ನ 15 ರೂಪಾಯಿ ಲೆಕ್ಕಕ್ಕೆ ಎಷ್ಟೋ ಸಾವಿರ ಪಟ್ಟು. ದೊಡ್ಡಮ್ಮ ಕೊಟ್ಬಿಡಿ ಅಂದ್ರು, ಮಂಡಿ ನೋವಲ್ಲಿ ಇನ್ನೆಷ್ಟು ದಿನ ಕಿಕ್ ಹೊಡೀತೀರಿ ಅಂತ. ದೊಡ್ಡಪ್ಪ ಬಂದವರಿಗೆ ಒಂದು ಪ್ರಶ್ನೆ ಕೇಳಿದ್ರು: ನಿಮ್ಮ ಕಡೆ ಕ್ರ್ಯಾಂಕ್ ಯಾರು ಮಾಡ್ತಾರೆ? ಅವರು ಮೈಸೂರಿಗೇ ಕಳಿಸ್ತೀವಿ ಸಾರ್ ಅಂದ್ರು. ದೊಡ್ಡಪ್ಪ ಕಾಫಿ ಕೊಡಿಸಿ ಕಳಿಸಿದ್ರು. ಗಾಡಿ ಕೊಡಲಿಲ್ಲ.

ನವೀಕರಣಕ್ಕೆ ಅರ್ಜಿ ಹಾಕೋ ಕೆಲಸ ನನಗೆ ಬಿದ್ದಿದೆ. ಜೊತೆಗೆ ಇನ್ನೊಂದು ಕೆಲಸ ನಾನೇ ಹಚ್ಕೊಂಡಿದ್ದೀನಿ. ಭಾನುವಾರಗಳಲ್ಲಿ ಅಂಕಲ್ ಷೆಡ್ಡಿಗೆ ಹೋಗಿ ಅವರು ಕೆಲಸ ಮಾಡೋದನ್ನ ಫೋನಲ್ಲಿ ರೆಕಾರ್ಡ್ ಮಾಡ್ತಿದ್ದೀನಿ, ಕೈ ಕಾಣೋ ಹಾಗೆ, ಏಟಿನ ಸದ್ದು ಕೇಳೋ ಹಾಗೆ. ಇಲ್ಲಿವರೆಗೆ ನಾಲ್ಕು ಕ್ರ್ಯಾಂಕ್ ಆಗಿದೆ.

ನಿಮ್ಮ ಮನೆಯಲ್ಲಿ, ಪಕ್ಕದ ಮನೆಯಲ್ಲಿ, ಅಜ್ಜನೋ ಮಾವನೋ ಯಾದವಗಿರಿ ಕಾರ್ಖಾನೆಯಲ್ಲಿ ಕೆಲಸ ಮಾಡಿದ್ರೆ ಅವರನ್ನ ಕೂರಿಸಿ ಮಾತಾಡಿಸಿ. ಯಾವ ವಿಭಾಗ, ಯಾವ ಮಷೀನು, ಏನು ಅಳತೆ ಅಂತ ಕೇಳಿ, ರೆಕಾರ್ಡ್ ಮಾಡಿ ನನಗೆ ಕಳಿಸಿ. ಪೇಂಟಿಂಗ್ ವಿಭಾಗದವರು, ಟ್ಯಾಂಕಿಗೆ ಗೆರೆ ಎಳೀತಿದ್ದೋರು ಯಾರಾದ್ರೂ ಸಿಕ್ಕರೆ ಇವತ್ತೇ ಕಳಿಸಿ. ದೊಡ್ಡಪ್ಪನ ಟ್ಯಾಂಕಿನ ಎಡಗಡೆ ಗೆರೆ ಮಾಸಿದೆ.